ಎಮ್ಮೆಬೆನ್ನಿನ ಅಳತೆ

"ಅಬ್ಬೀ, ಅವ್ನನ್ನ ಅದೇ ಕಲ್ಲಿನ ಮೇಲೆ ನಿಲ್ಸಿ ಬಿಟ್ಟ್ ಬತ್ತೆ. ಕಡಲೇ ಅವ್ನಿಗೆ ಉತ್ರ ಕೊಡ್ಲಿ."

ವನಜಾಕ್ಷಿ ಈ ಮಾತು ಕೊಟ್ಟಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಮರಳುಕೋಡಿಯ ದಂಡೆಯಲ್ಲಿ ಅವಳ ತಾಯಿ ಮಂಜಿ ಅನ್ನ ನೀರು ಬಿಟ್ಟು ಕೂತಿದ್ದಳು. ಒಡೆದ ಬೋಟಿನ ಹಲಗೆಗಳು ಒಂದೊಂದಾಗಿ ದಂಡೆಗೆ ಬಂದವು. ಬಲೆಯ ಬೆಂಡುಗಳು ಬಂದವು. ವನಜಾಕ್ಷಿಯ ತಮ್ಮ ಶೀನನ ಒಂದು ಚಪ್ಪಲಿಯೂ ಬಂತು. ಶೀನ ಬರಲಿಲ್ಲ. ನೆಂಟರು ಬೇಡಿದರು, ಊರ ಗುರಿಕಾರರು ಗದರಿಸಿದರು, ಮಂಜಿ ಏಳಲಿಲ್ಲ. ಮಗಳ ಬಾಯಿಂದ ಈ ಮಾತು ಬಿದ್ದ ಮೇಲೆ ಎದ್ದಳು. ಸೀರೆಗೆ ಹತ್ತಿದ ಮರಳು ಕೊಡವಿ, "ಹಂಗಾರೆ ಮನೆಗ್ ಹೋಪ" ಎಂದಳು.

ಎಮ್ಮೆಬೆನ್ನು ಎಂಬ ಕಲ್ಲು ಅಳಿವೆಯ ಬಾಯಿಂದ ಸ್ವಲ್ಪ ಆಚೆ, ಕಡಲಿನೊಳಗೆ ಇತ್ತು. ಅದು ಪೂರ್ತಿ ಮೇಲೆ ಬರುವುದೇ ಇಲ್ಲ. ಚಳಿಗಾಲದ ಅಮಾವಾಸ್ಯೆಯ ದೊಡ್ಡ ಇಳಿತದಲ್ಲಿ ಮಾತ್ರ, ಕೆರೆಯಲ್ಲಿ ಮುಳುಗಿ ಕೂತ ಎಮ್ಮೆಯ ಬೆನ್ನಿನ ಹಾಗೆ, ತೆಳುನೀರಿನ ಅಡಿಯಲ್ಲಿ ಕಪ್ಪಗೆ ಕಾಣುತ್ತದೆ. ಊರಿನ ಮೀನುಗಾರರಿಗೆ ಅದರ ಗುರುತು ಗೊತ್ತು. ದಂಡೆಯ ಎರಡು ಮರಗಳನ್ನು ಒಂದೇ ಗೆರೆಗೆ ತಂದು ನೋಡಿ ಅವರು ಬೋಟನ್ನು ಬದಿಗೆ ತಿರುಗಿಸುತ್ತಿದ್ದರು. ಹಳೆಯ ಕಾಗದದ ನಕ್ಷೆಯಲ್ಲೂ ಆ ಜಾಗಕ್ಕೆ ಒಂದು ಚುಕ್ಕೆಯಿತ್ತು, ಪಕ್ಕದಲ್ಲಿ 'ಇರುವಿಕೆ ಸಂಶಯ' ಎಂಬ ಬರಹವಿತ್ತು. ಯಾರೋ ಕಂಡದ್ದಾಗಿ ಹೇಳಿದ ಕಲ್ಲನ್ನು, ಅಳೆದು ನೋಡಿಲ್ಲದಿದ್ದರೂ, ನಕ್ಷೆ ಮಾಡುವವರು ಹಾಗೆ ಬರೆದಿಡುತ್ತಾರೆ. ಇಲ್ಲದ ಕಲ್ಲನ್ನು ಉಳಿಸಿಕೊಂಡರೆ ಹಡಗು ಸುತ್ತಿಕೊಂಡು ಹೋಗುತ್ತದೆ, ಅಷ್ಟೇ. ಇದ್ದ ಕಲ್ಲನ್ನು ಬಿಟ್ಟುಬಿಟ್ಟರೆ ಜೀವ ಹೋಗುತ್ತದೆ. ಆದ್ದರಿಂದ ಅವರಲ್ಲಿ ಕಲ್ಲು ಸೇರಿಸುವುದು ಸುಲಭ, ತೆಗೆಯುವುದು ಮಹಾ ಕಷ್ಟ.

ಆಮೇಲೆ ಜೀವನಕ್ಷೆ ಬಂತು. ಒಂದೊಂದು ಬೋಟಿನ ಹೊಟ್ಟೆಯಡಿಗೂ ಒಂದು ಸೋನಾರ್ ಕೂರಿಸಿದರು. ಅದು ನೀರಿಗೆ ಶಬ್ದ ಬಿಡುತ್ತದೆ, ತಳಕ್ಕೆ ಬಡಿದು ವಾಪಸು ಬಂದ ಶಬ್ದದಿಂದ ಆಳ ಲೆಕ್ಕ ಹಾಕುತ್ತದೆ. ಎಲ್ಲ ಬೋಟುಗಳ ಅಳತೆಯೂ ಕ್ಷಣಕ್ಷಣಕ್ಕೆ ದಂಡೆಯ ನಕ್ಷಾ ಕೇಂದ್ರಕ್ಕೆ ಬಂದು ಒಂದೇ ನಕ್ಷೆಯಾಗುತ್ತದೆ. ಮರಳು ಸರಿದರೆ ನಕ್ಷೆಯೂ ಸರಿಯುತ್ತದೆ. ಎಂಜಿನ್ನು, ಚುಕ್ಕಾಣಿ ಎರಡನ್ನೂ ಆ ನಕ್ಷೆಗೇ ಕಟ್ಟಿಹಾಕಿ ಕಾಯಿದೆ ಮಾಡಿದರು. ನಕ್ಷೆ ಬೇಡ ಎಂದ ಕಡೆಗೆ ಬೋಟು ಹೋಗದು, ನಕ್ಷೆ ಹೇಳಿದ ದಾರಿಯನ್ನು ಬೋಟು ಬಿಡದು. ಮೊದಮೊದಲು ಗೊಣಗಿದ ಜನ ಬೇಗ ಒಗ್ಗಿಕೊಂಡರು. ಗಂಡಸರು ಕಡಲಿಗೆ ಹೋದ ಮೇಲೆ ಮರಳುಕೋಡಿಯ ಹೆಂಗಸರು ಮೊದಲ ಸಲ ಕಣ್ಣು ತುಂಬ ನಿದ್ದೆ ಮಾಡಿದರು.

ಬಂದರಿನ ಹೊಸ ದಾರಿಯನ್ನು ಅಳೆದವರು ವಿಠಲದಾಸ ಬಿಜೂರ್. ಅವರ ಸೋನಾರಿಗೆ ಎಮ್ಮೆಬೆನ್ನು ಸಿಕ್ಕಿತ್ತು. ಪರದೆಯ ಮೇಲೆ ಸಮತಟ್ಟಾದ ತಳದಿಂದ ಮೊಳೆಯ ಹಾಗೆ ಮೇಲೆದ್ದ ಒಂದು ಗುರುತು. ಅದನ್ನು ಒಪ್ಪಿಕೊಂಡರೆ ದಾರಿಯನ್ನೇ ಬೇರೆ ಕಡೆ ತಿರುಗಿಸಬೇಕು. ಉದ್ಘಾಟನೆಯ ತಾರೀಖು ಆಗಲೇ ಗೊತ್ತಾಗಿತ್ತು, ಚಪ್ಪರ ಏಳುತ್ತಿತ್ತು. ಬಿಜೂರ್ ಆ ಗುರುತನ್ನು 'ಮೀನಿನ ಹಿಂಡು' ಎಂದು ಅಳಿಸಿದರು. ದಟ್ಟವಾದ ಹಿಂಡಿಗೂ ಶಬ್ದ ಬಡಿದು ವಾಪಸು ಬರುವುದುಂಟು, ಅಂಥವನ್ನು ಅಳಿಸುವುದೂ ದಿನನಿತ್ಯದ ಕೆಲಸವೇ. ಹಳೆಯ ಚುಕ್ಕೆಯನ್ನೂ ತೆಗೆದು, ಅಳತೆ ಶುದ್ಧವಾಗಿದೆ ಎಂದು ಸಹಿ ಹಾಕಿದರು.

ದಾರಿ ತೆರೆದ ದಿನ ಶೀನನ ಬೋಟು ನೇರ ಕಲ್ಲಿನ ಕಡೆಗೇ ಹೊರಟಿತು. ಶೀನ ಎರಡು ಮರಗಳನ್ನು ನೋಡಿದ. ಚುಕ್ಕಾಣಿ ಎಳೆದ, ಅದು ತಿರುಗಲಿಲ್ಲ. ರೇಡಿಯೋ ಹಿಡಿದು ಕೂಗಿದ: "ಎಮ್ಮೆಬೆನ್ನ್ ಎದ್ರಿಗೇ ಉಂಟ್, ಚುಕ್ಕಾಣಿ ಬಿಡಿ ಮಾರಾಯ್ರೆ!" ಆ ದಿನ ಕೇಂದ್ರದಲ್ಲಿ ಕೂತಿದ್ದವರು ಬಿಜೂರರೇ. "ನಕ್ಷೆಯಲ್ಲಿ ಏನೂ ಇಲ್ಲ. ಹೆದರಬೇಡಿ" ಎಂದರು. ಇಬ್ಬರ ದನಿಯನ್ನೂ ಊರಿನ ಅಷ್ಟೂ ಬೋಟುಗಳು ಕೇಳಿದವು. ಮುಂದೆ ತನಿಖೆಯಲ್ಲಿ ಬಿಜೂರ್, ತೇಲಿಬಂದ ಯಾವುದೋ ಕಂಟೇನರಿಗೆ ಬಡಿದಿರಬೇಕು ಎಂದರು. ನಕ್ಷೆಯಲ್ಲಿ ಇಲ್ಲದ್ದು ಕಡಲಿನಲ್ಲೂ ಇಲ್ಲ ಎಂದರು. ಮೀನುಗಾರರ ಗಲಾಟೆ ತಣ್ಣಗಾಗಲೆಂದು ದಾರಿಯನ್ನು ಬೇರೆ ಕಡೆಗೆ ಸರಿಸಿದರು. ಕಲ್ಲು ಮಾತ್ರ ನಕ್ಷೆಗೆ ಬರಲಿಲ್ಲ.

ವನಜಾಕ್ಷಿ ಓದಿದಳು. ಕಡಲಿನ ಅಳತೆಯನ್ನೇ ಓದಿದಳು. ಮದುವೆಯಾಯಿತು, ಮಗಳು ಸಿಂಚನ ಹುಟ್ಟಿದಳು, ಗಂಡ ಮಸ್ಕತ್ತಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇವೆಲ್ಲದರ ನಡುವೆಯೂ ಅವಳು ಬಿಡದೆ ಪರೀಕ್ಷೆ ಬರೆದು ಮರಳುಕೋಡಿಯ ನಕ್ಷಾ ಕೇಂದ್ರದಲ್ಲೇ ಕೆಲಸ ಹಿಡಿದಳು. ಬೋಟುಗಳು ಕಳಿಸುವ ಅನುಮಾನದ ಗುರುತುಗಳನ್ನು ನೋಡಿ, ಇದು ಕಲ್ಲು, ಇದು ಮೀನು ಎಂದು ತೀರ್ಮಾನಿಸುವ ಮೇಜು ಅವಳದು. ಬೆಳಿಗ್ಗೆ ಮಗಳ ಜಡೆ ಹೆಣೆದು, ಡಬ್ಬಿ ತುಂಬಿ, ತಾಯಿಯ ಮಾತ್ರೆ ತೆಗೆದಿಟ್ಟು, ಕೇಂದ್ರದ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿಗೆ ಅರ್ಧ ದಿನದ ದಣಿವು ಆಗಿರುತ್ತಿತ್ತು.

ನಿವೃತ್ತರಾದ ಬಿಜೂರ್ ಅಳಿವೆಯ ಒಳಗಿನ ಸೀಗೆಕುದ್ರು ಎಂಬ ನಡುಗಡ್ಡೆಯಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಸುತ್ತ ನೀರು, ಮಧ್ಯೆ ತೆಂಗು, ದೋಣಿ ತಂದು ನಿಲ್ಲಿಸಲು ಒಂದು ಸಣ್ಣ ಜಟ್ಟಿ. ಹಾಲು, ತರಕಾರಿ, ಕೆಲಸದವರು, ನೆಂಟರು ಎಲ್ಲ ಚಾಲಕನಿಲ್ಲದ ದೋಣಿಯಲ್ಲೇ ಬಂದು ಹೋಗುವುದು. ಕುದ್ರುವಿನ ಉಳಿದ ಮೂರು ಬದಿಯಲ್ಲೂ ಸೊಂಟದವರೆಗೆ ಹೂತುಹೋಗುವ ಕೆಸರು ಮತ್ತು ಅದರಲ್ಲೇ ಬೇರು ಹೆಣೆದುಕೊಂಡ ಕಾಂಡ್ಲ ಗಿಡ.

ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಹಾಲಿನ ದೋಣಿ ಆ ಜಟ್ಟಿಯ ಎದುರಿನಿಂದ ಒಂದು ಗುರುತು ಕಳಿಸಿತು. ತಳದಿಂದ ಮೊಳೆಯ ಹಾಗೆ ಎದ್ದದ್ದು. ನೋಡಿದ ಕೂಡಲೇ ವನಜಾಕ್ಷಿಗೆ ಗೊತ್ತಾಯಿತು, ಬೈಗೆ ಮೀನಿನ ಹಿಂಡು. ಆ ತಿಂಗಳಲ್ಲಿ ಬೈಗೆ ಅಳಿವೆಯೊಳಗೆ ನುಗ್ಗುವುದು ಅಲ್ಲಿಯ ಮಕ್ಕಳಿಗೂ ಗೊತ್ತು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳು ತೆಗೆದಳು. 'ಕಲ್ಲು. ಇರುವಿಕೆ ಸಂಶಯ' ಎಂದು ಬರೆದಳು.

ಪಕ್ಕದ ಮೇಜಿನ ಲ್ಯಾನ್ಸಿ ಇಣುಕಿದ. "ಎಂತದು ವನಜಕ್ಕ? ಬಿಜೂರ್ ಸಾರ್ ಬಾಗಿಲಿಗೇ ಬಂಡೆ ತಂದಿಟ್ರಲ್ಲ!"

"ಸಂಶಯ ಇದ್ರೆ ಇಟ್ಕೊಳ್ಳೋದೇ ನಿಯಮ ಅಲ್ವಾ ಲ್ಯಾನ್ಸಿ?"

ಲ್ಯಾನ್ಸಿ ಪರದೆಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಅವನ ಚಿಕ್ಕಪ್ಪನೂ ಶೀನನ ಬೋಟಿನಲ್ಲಿದ್ದವನು. "ನಾನು ಚಾ ಕುಡಿಲಿಕ್ಕೆ ಹೋಗಿದ್ದೆ, ಏನೂ ನೋಡ್ಲಿಲ್ಲ" ಎಂದು ಎದ್ದು ಹೋದ.

ಮರುದಿನದಿಂದ ಹಾಲಿನ ದೋಣಿ ಕುದ್ರುವಿನ ಅರ್ಧ ದಾರಿಗೆ ಹೋಗಿ, ನಿಂತು, ತಿರುಗಿ ಬರತೊಡಗಿತು. ತರಕಾರಿಯದೂ ಅಷ್ಟೇ. ಡ್ರೋನ್ ಬಂದು ಅಕ್ಕಿಬೇಳೆಯ ಚೀಲ ಇಳಿಸಿ ಹೋಗುತ್ತಿತ್ತು. ಮನುಷ್ಯರನ್ನು ಹೊರುವ ಡ್ರೋನ್ ಮರಳುಕೋಡಿಗೆ ಇನ್ನೂ ಬಂದಿರಲಿಲ್ಲ. ಹುಟ್ಟು ಹಾಕುವ ಮರದ ದೋಣಿಗೆ ಯಾವ ಕಾಯಿದೆಯೂ ಇಲ್ಲ, ನಿಜ. ಆದರೆ ಅಂಥ ದೋಣಿ ಉಳಿಸಿಕೊಂಡಿದ್ದ ನಾಲ್ಕಾರು ಮನೆಯವರನ್ನು ಬಿಜೂರ್ ಫೋನಿನಲ್ಲಿ ಕೇಳಿದಾಗ, ಎಲ್ಲರಿಗೂ ಒಂದೇ ವಾರದಲ್ಲಿ ಸೊಂಟ ಉಳುಕಿತ್ತು.

ಕೊನೆಗೆ ಅವರು ಕೇಂದ್ರಕ್ಕೇ ಫೋನು ಮಾಡಿದರು.

"ಅಮ್ಮಾ, ನಾನು ಬಿಜೂರ್. ನಿಮ್ಮ ಹಿರಿಯ ಅಧಿಕಾರಿಯಾಗಿದ್ದವನು. ನನ್ನ ಜಟ್ಟಿಯ ಎದುರು ಕಲ್ಲಿಲ್ಲ. ಅದು ಮೀನು."

"ನಕ್ಷೆಯಲ್ಲಿ ಉಂಟಲ್ಲ ಸಾರ್."

"ನಕ್ಷೆಯಲ್ಲಿದ್ದರೆ ಏನಂತೆ? ನಾನು ದಿನಾ ಅಲ್ಲೇ ಕಾಲು ಇಳಿಬಿಟ್ಟು ಕೂತುಕೊಳ್ಳುವವನು!"

"ನಕ್ಷೆಯಲ್ಲಿ ಇಲ್ಲದ್ದು ಕಡಲಿನಲ್ಲೂ ಇಲ್ಲ ಅಂತ ಹಿರಿಯರೊಬ್ಬರು ಹೇಳಿದ್ದರು. ಹಾಗಾದರೆ ನಕ್ಷೆಯಲ್ಲಿದ್ದದ್ದು ಇರಲೇಬೇಕಲ್ಲ ಸಾರ್."

"ಯಾರಮ್ಮ ನೀನು?" ಎಂದರು.

"ಅಳತೆಯ ದೋಣಿ ಕಳಿಸುತ್ತೇವೆ ಸಾರ್" ಎಂದು ವನಜಾಕ್ಷಿ ಫೋನಿಟ್ಟಳು.

ಅಳತೆಯ ದೋಣಿಯನ್ನು ಕಳಿಸಿದಳು ಕೂಡ. ಅದೂ ಚಾಲಕನಿಲ್ಲದ್ದೇ. ಅರ್ಧ ದಾರಿಗೆ ಹೋಗಿ, ಎದುರಿಗೆ ಅಪಾಯ ಎಂದು ತಿಳಿಸಿ, ತಿರುಗಿ ಬಂತು. ಕಲ್ಲಿಲ್ಲವೆಂದು ಸಾಬೀತಾಗದೆ ದೋಣಿ ಹೋಗದು, ದೋಣಿ ಹೋಗದೆ ಸಾಬೀತಾಗದು. ಇಂಥದೊಂದು ಗಂಟು ಬೀಳಬಹುದೆಂದು ಜೀವನಕ್ಷೆ ಮಾಡಿದ ಯಾರಿಗೂ ಹೊಳೆದಿರಲಿಲ್ಲ. ಕರಾವಳಿಯ ದೊಡ್ಡ ಅಳತೆ ಹಡಗು ಬಂದು ದೂರದಿಂದಲೇ ನೋಡಿ ಬಿಡಿಸಬೇಕು. ಅದರ ಸರದಿ ಬರುವಷ್ಟರಲ್ಲಿ ಮಕ್ಕಳಿಗೆ ಮಕ್ಕಳಾಗಿರುತ್ತಾರೆ.

ಮನೆಯಲ್ಲಿ ಮಂಜಿ ಮೀನು ಕೊಯ್ಯುತ್ತ ಎಲ್ಲ ಕೇಳಿದಳು. ಬಹಳ ವರ್ಷದ ಮೇಲೆ ಅವಳ ಮುಖ ಅರಳಿತು.

"ಒಬ್ನೇ ಕೂಕಂಡಿದ್ನಾ?"

"ಒಬ್ನೇ ಅಬ್ಬಿ. ಹೆಂಡ್ತಿ ಸೊಂಟದ ಆಪರೇಷನ್ನಿಗೆ ಅಂತ ಪೇಟೆಗೆ ಬಂದವ್ರ್ ಅಲ್ಲೇ ಸಿಕ್ಕಂಡಿದ್ರ್."

"ಕಡ್ಲ್ ಕಾಂತಾ ಕೂಕಂಬ್ದ್ ಹ್ಯಾಂಗಿರತ್ತ್ ಅಂದೇಳಿ ಅವ್ನೂ ಕಾಣ್ಲಿ." ಮಂಜಿ ಮೀನಿನ ತಲೆಯನ್ನು ಒಂದೇ ಏಟಿಗೆ ತುಂಡರಿಸಿದಳು. "ಆದ್ರೆ ಇದಲ್ಲ ನೀ ಹೇಳದ್ದ್. ನಿಲ್ಸಿ ಬಿಟ್ಟ್ ಬತ್ತೆ ಅಂದಿದ್ದೆ."

ಹೋಂವರ್ಕ್ ಮಾಡುತ್ತಿದ್ದ ಸಿಂಚನ ತಲೆಯೆತ್ತಿದಳು. "ಅಮ್ಮ, ಜೀವನಕ್ಷೆಯ ಉಪಯೋಗ ಬರೀಬೇಕು. ಜೀವನಕ್ಷೆ ಯಾವತ್ತೂ ತಪ್ಪುವುದಿಲ್ಲ ಅಂತ ಶುರು ಮಾಡ್ಲಾ? ಟೀಚರ್ ಹಾಗೇ ಹೇಳಿದ್ದು."

ಮಂಜಿ ಮೂಗಿನಲ್ಲೇ ನಕ್ಕಳು. ವನಜಾಕ್ಷಿ ಕೊಯ್ದ ಮೀನನ್ನು ತೊಳೆಯಲು ಎತ್ತಿಕೊಂಡು, "ಟೀಚರ್ ಹೇಳಿದ್ದೇ ಬರಿ" ಎಂದಳು.

ಬಿಜೂರರ ಹೆಂಡತಿಯೂ ಒಂದು ದಿನ ಫೋನು ಮಾಡಿದರು. ಬೈಯಲಿಲ್ಲ. "ಮಗಾ, ಅವರಿಗೆ ಒಂದು ಚಾ ಮಾಡಿಕೊಳ್ಳಲಿಕ್ಕೂ ಬರುವುದಿಲ್ಲ. ನನ್ನನ್ನಾದರೂ ಅಲ್ಲಿಗೆ ಮುಟ್ಟಿಸಿ ಬಿಡಿ" ಎಂದರು. ಫೋನಿಟ್ಟ ಮೇಲೆ ವನಜಾಕ್ಷಿ ನಳ ತಿರುಗಿಸಿ ಬಹಳ ಹೊತ್ತು ಮುಖ ತೊಳೆದಳು. ಚುಕ್ಕೆಯನ್ನು ತೆಗೆಯಬೇಕೆಂದು ಅವಳಿಗೆ ಅನ್ನಿಸಿತು. ಆದರೆ ಒಮ್ಮೆ ನಕ್ಷೆಗೇರಿದ ಕಲ್ಲನ್ನು ತೆಗೆಯುವ ಅಧಿಕಾರ ಅವಳ ಮೇಜಿಗೂ ಇರಲಿಲ್ಲ.

ಡಿಸೆಂಬರಿನಲ್ಲಿ ಸುದ್ದಿ ಬಂತು. ಸರಿಸಿದ್ದ ದಾರಿಯಲ್ಲಿ ಮರಳು ತುಂಬಿದೆ, ಬಂದರಿನವರು ಹಳೆಯ ದಾರಿಯನ್ನೇ ಮತ್ತೆ ತೆರೆಯುತ್ತಾರೆ. ಆಚೆ ದಡದ ಶಾಲೆಗೆ ಹೋಗುವ ಫೆರಿಗೂ ಅದೇ ದಾರಿ. ಸೋಮವಾರದಿಂದ ಶುರು.

ಸಿಂಚನ ಆ ಫೆರಿಯಲ್ಲೇ ಶಾಲೆಗೆ ಹೋಗುವವಳು.

ವನಜಾಕ್ಷಿ ಮೇಲಿನವರ ಬಳಿಗೆ ಓಡಿದಳು. ಎಮ್ಮೆಬೆನ್ನಿನ ವಿಷಯ ಹೇಳಿದಳು, ಮೇಜು ಕುಟ್ಟಿದಳು. "ಆ ಜಾಗಕ್ಕೆ ಸಹಿ ಆದ ಶುದ್ಧ ಅಳತೆ ಉಂಟಲ್ಲಮ್ಮ, ಅಂಥಲ್ಲಿ ಸಂಶಯದ ಕಲ್ಲು ಸೇರಿಸಲಿಕ್ಕೆ ಆಗುದಿಲ್ಲ" ಎಂದು ಕಳಿಸಿದರು.

"ಸಹಿ ಹಾಕಿದವನೇ ಇಲ್ಲಿಗೆ ಬಂದು, ನಮ್ಮ ಎದುರು ನಿಂತು ಅಳತೆ ವಾಪಸು ತಗೊಳ್ಬೇಕು" ಎಂದ ಲ್ಯಾನ್ಸಿ. "ಫೋನಿನಲ್ಲಿ ಹೇಳಿದ್ರೆ ಆಗುದಿಲ್ಲ. ಬೇರೆಯವ್ರು ಹೇಳಿದ್ರೂ ಆಗುದಿಲ್ಲ. ಆ ಮುದುಕ ಸತ್ರೆ ಮುಗೀತು, ದೊಡ್ಡ ಹಡಗು ಬರುವ ತನಕ ಅವನ ಅಳತೆಯೇ ವೇದವಾಕ್ಯ."

ಭಾನುವಾರ ಅಮಾವಾಸ್ಯೆ. ವರ್ಷದ ದೊಡ್ಡ ಇಳಿತ.

ಅಂಗಳದಲ್ಲಿ ಬೋರಲು ಹಾಕಿದ್ದ ಹಳೆಯ ಹುಟ್ಟಿನ ದೋಣಿಯನ್ನು ತಾಯಿ ಮಗಳು ಸೇರಿ ನೀರಿಗಿಳಿಸಿದರು. ಬೆಳಕು ಹರಿಯುವ ಹೊತ್ತಿಗೆ ಕುದ್ರು ಮುಟ್ಟಿದರು. ಬಿಜೂರ್ ಜಟ್ಟಿಯ ತುದಿಯಲ್ಲೇ ಇದ್ದರು. ಗಡ್ಡ ಮುಖವೆಲ್ಲ ಮುಚ್ಚಿತ್ತು, ಅಂಗಿಯ ಗುಂಡಿ ಹಿಂದುಮುಂದಾಗಿತ್ತು. ಮನುಷ್ಯರನ್ನು ಕಂಡು ಅವರ ಕಣ್ಣಲ್ಲಿ ನೀರು ಬಂತು.

"ಯಾರಮ್ಮ ನೀವು?"

"ಕೇಂದ್ರದವಳು ಸಾರ್. ಫೋನಿನಲ್ಲಿ ಮಾತಾಡಿದ್ದೆವಲ್ಲ. ಬನ್ನಿ, ಹತ್ತಿ."

ಅವರು ಚೀಲ ತರಲಿಕ್ಕೂ ಒಳಗೆ ಹೋಗಲಿಲ್ಲ. ಹಾಗೇ ಹತ್ತಿದರು. ಅಳಿವೆಯ ಬಾಯಿಗೆ ಬಂದಾಗ ದೋಣಿ ಪೇಟೆಯ ಕಡೆಗೆ ತಿರುಗದೆ ಹೊರಗಿನ ಕಡಲಿಗೆ ಮೂತಿ ಹಾಕಿತು.

"ಪೇಟೆ ಆ ಕಡೆ ಅಲ್ವಾ?"

"ಗೊತ್ತುಂಟ್" ಎಂದಳು ಮಂಜಿ. "ನಮ್ಗ್ ಒಂದ್ ಸಣ್ಣ ಕೆಲ್ಸ ಉಂಟ್. ನಾನ್ ಶೀನನ ಅಬ್ಬಿ."

ಬಿಜೂರ್ ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತರು.

ಎರಡು ಮರಗಳು ಒಂದೇ ಗೆರೆಗೆ ಬಂದವು. ನೀರು ಕನ್ನಡಿಯ ಹಾಗಿತ್ತು, ಅದರಡಿಯಲ್ಲಿ ಕಪ್ಪಗೆ, ಅಗಲವಾಗಿ, ಎಮ್ಮೆಬೆನ್ನು.

"ಇಳಿ" ಎಂದಳು ಮಂಜಿ.

"ನನಗೆ ಈಜು ಬರುವುದಿಲ್ಲಮ್ಮ."

"ಈಜುದ್ ಎಂತಕ್ಕೆ? ನಿಲ್ಲೂಕೆ ಕಲ್ಲುಂಟಲೆ."

ಮಂಜಿ ದೋಣಿಯನ್ನು ಕಾಲಿನಿಂದ ಅತ್ತಿತ್ತ ವಾಲಿಸಿದಳು. ಬೀಳುವುದಕ್ಕಿಂತ ಇಳಿಯುವುದೇ ವಾಸಿ ಎಂದು ಬಿಜೂರ್ ಇಳಿದರು. ನೀರು ಮೊಣಕಾಲಿನ ಕೆಳಗೇ ನಿಂತಿತು. ಕಲ್ಲಿಗೆ ಕಚ್ಚಿದ ಚಿಪ್ಪುಗಳು ಅಂಗಾಲನ್ನು ಕೊಯ್ದು ನೀರಿನಲ್ಲಿ ಕೆಂಪು ಹರಡಿತು. ವನಜಾಕ್ಷಿ ಹುಟ್ಟು ಹಾಕಿ ದೋಣಿಯನ್ನು ಹಿಂದಕ್ಕೆ ಸರಿಸಿದಳು.

"ಕಾಲಡಿಗ್ ಎಂತ ಉಂಟ್?" ಮಂಜಿ ಕೇಳಿದಳು.

"ಕಲ್ಲು."

"ಸಮಾ ಕಾಣ್. ಮೀನಿನ ಹಿಂಡಾ ಅಂದೇಳಿ."

"ಕಲ್ಲು! ಕಲ್ಲಮ್ಮ! ಆವತ್ತೂ ಕಲ್ಲು ಅಂತ ನನಗೆ ಗೊತ್ತಿತ್ತು!"

ಅವರ ಕೂಗು ನೀರಿನ ಮೇಲೆ ಬಹಳ ದೂರ ಹೋಯಿತು. ಮಂಜಿ ಸೊಂಟದಿಂದ ಎಲೆಯಡಿಕೆಯ ಚೀಲ ತೆಗೆದು, ಎಲೆಗೆ ಸುಣ್ಣ ಹಚ್ಚಿ, ಮಡಿಸಿ ಬಾಯಿಗಿಟ್ಟುಕೊಂಡಳು. ಇಳಿತ ಮುಗಿದು ಭರತ ತಿರುಗಿತು. ಕಡಲು ಮೆಲ್ಲಗೆ ಉಸಿರೆಳೆದ ಹಾಗೆ ಮೇಲೇಳತೊಡಗಿತು. ನೀರು ಮೊಣಕಾಲು ದಾಟಿತು. ಬಿಸಿಲು ಏರಿತು, ನೀರು ತೊಡೆಗೆ ಬಂತು. ಒಂದು ತೆರೆ ಬಂದಾಗ ಬಿಜೂರ್ ತೂರಾಡಿ ಬಿದ್ದು, ನೀರು ಕುಡಿದು, ಚಿಪ್ಪುಗಳನ್ನು ಹಿಡಿದು ಹೇಗೋ ಎದ್ದು ನಿಂತರು. ಕೈಯಿಂದಲೂ ರಕ್ತ ಸುರಿಯಿತು.

ವನಜಾಕ್ಷಿ ನೋಡುತ್ತಿದ್ದಳು. ಇಷ್ಟು ವರ್ಷ ಅವಳು ಮಲಗುವ ಮೊದಲು ಕಣ್ಣು ಮುಚ್ಚಿ ನೋಡುತ್ತಿದ್ದದ್ದು ಇದನ್ನೇ. ಅವಳ ಎದೆ ತಂಪಾಯಿತು, ಅದು ಸುಳ್ಳಲ್ಲ. ಇನ್ನಷ್ಟು ಹೊತ್ತು ಸುಮ್ಮನೆ ಕೂತರೆ ಸಾಕಿತ್ತು. ಆದರೆ ಆ ಮುದುಕ ಮುಳುಗಿದರೆ ಕಲ್ಲೂ ನಕ್ಷೆಯಿಂದ ಶಾಶ್ವತವಾಗಿ ಮುಳುಗುತ್ತದೆ. ನಾಳೆ ಬೆಳಿಗ್ಗೆ ಫೆರಿ ಎರಡು ಮರಗಳ ಗೆರೆಗೆ ಬರುತ್ತದೆ, ಅದರ ತುಂಬ ಮಕ್ಕಳಿರುತ್ತಾರೆ, ಕಿಟಕಿಯ ಪಕ್ಕ ಜಾಗ ಹಿಡಿದ ಸಿಂಚನ ಇರುತ್ತಾಳೆ. ಆ ಫೆರಿಯಲ್ಲಿ ಎಳೆಯಲಿಕ್ಕೆ ಚುಕ್ಕಾಣಿಯೂ ಇಲ್ಲ.

ಅವಳು ದೋಣಿಯನ್ನು ಕಲ್ಲಿನ ಕಡೆಗೆ ತಿರುಗಿಸಿದಳು.

ಮಂಜಿ ಹುಟ್ಟನ್ನು ಗಪ್ಪನೆ ಹಿಡಿದಳು. "ನೀ ಮಾತ್ ಕೊಟ್ಟಿದ್ದೆ."

"ಕೊಟ್ಟಿದ್ದೆ ಅಬ್ಬಿ."

"ಶೀನ ಕರ್ದಾಗ ಯಾರ್ ತಿರ್ಗಿರ್? ಹೇಳ್, ಯಾರ್ ತಿರ್ಗಿರ್?"

"ಯಾರೂ ತಿರ್ಗ್ಲಿಲ್ಲ. ಬಿಡು ಅಬ್ಬಿ. ನಾಳೆ ನಮ್ಮ ಸಿಂಚನ ಹೋಗುವ ದಾರಿ ಇದು. ಬಿಡು."

ಇಬ್ಬರೂ ಎಳೆದರು. ಎಳೆಯವಳ ಕೈ ಗೆದ್ದಿತು. ಮಂಜಿ ಬಾಯಲ್ಲಿದ್ದ ಎಲೆಯನ್ನು ಕಡಲಿಗೆ ಉಗಿದು, ಬೆನ್ನು ತಿರುಗಿಸಿ ಕೂತಳು.

ದೋಣಿಯ ತಳದಲ್ಲಿ ನಡುಗುತ್ತ ಮಲಗಿದ ಬಿಜೂರ್ ತಲೆಯೆತ್ತಿದರು. "ನನ್ನ ಜಟ್ಟಿಯ ಎದುರಿನದು ಮೀನು ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು ಸಾರ್."

"ಹಾಗಾದರೆ ನೀನೂ ನಾನೂ ಒಂದೇ."

"ಇರಬಹುದು ಸಾರ್. ಮೊದಲು ಕೇಂದ್ರಕ್ಕೆ ನಡೀರಿ. ಆಮೇಲೆ ಬೇಕಾದ್ದು ಹೇಳಿ."

ಒದ್ದೆ ಬಟ್ಟೆಯಲ್ಲೇ ಅವರನ್ನು ಮೆಟ್ಟಿಲು ಹತ್ತಿಸಿದಳು. ಮೊಸಾಯಿಕ್ ನೆಲದ ಮೇಲೆ ಅವರ ಅಂಗಾಲು ರಕ್ತದ ಗುರುತು ಹಾಕುತ್ತ ಹೋಯಿತು. ಲ್ಯಾನ್ಸಿ ಎದ್ದು ನಿಂತವನು ಕೂರುವುದನ್ನೇ ಮರೆತ. ಭಾನುವಾರದ ಪಾಳಿಯಲ್ಲಿದ್ದವರೆಲ್ಲ ಕುರ್ಚಿ ಬಿಟ್ಟು ಬಂದರು. ಬಿಜೂರ್ ಇಲ್ಲವೆನ್ನಬಹುದಿತ್ತು. ಹೆದರಿಸಿ ಹೇಳಿಸಿದ್ದೆಂದು ಪೊಲೀಸರನ್ನು ಕರೆಸಬಹುದಿತ್ತು. ಆದರೆ ಆಯುಷ್ಯವೆಲ್ಲ ಕಡಲನ್ನು ಅಳೆದ ಮನುಷ್ಯ, ಸ್ವಂತ ಕಾಲಿನಿಂದ ಅಳೆದದ್ದನ್ನು ಎರಡನೆಯ ಸಲ ನುಂಗಲು ಅವರಿಂದ ಆಗಲಿಲ್ಲ. "ನನ್ನ ಅಳತೆ ತಪ್ಪು. ತಪ್ಪೆಂದು ಗೊತ್ತಿದ್ದೇ ಸಹಿ ಹಾಕಿದ್ದೆ. ಅಲ್ಲಿ ಕಲ್ಲಿದೆ. ವಾಪಸು ತೆಗೆದುಕೊಳ್ಳುತ್ತೇನೆ" ಎಂದರು. ಲ್ಯಾನ್ಸಿ ಬರೆದುಕೊಂಡ. ಗೋಡೆಯ ದೊಡ್ಡ ಪರದೆಯಲ್ಲಿ ಅಳಿವೆಯ ಹೊರಗೆ ಒಂದು ಕಪ್ಪು ಚುಕ್ಕೆ ಮೂಡಿತು. ಅದರ ಪಕ್ಕ 'ಸಂಶಯ' ಎಂಬ ಪದ ಇರಲಿಲ್ಲ. ಹಳೆಯ ದಾರಿಯ ಗೆರೆ ತಾನಾಗಿಯೇ ಬಳುಕಿ, ಚುಕ್ಕೆಯನ್ನು ದೂರದಿಂದ ಸುತ್ತಿಕೊಂಡಿತು.

"ಇನ್ನೊಂದು ಬರೆದುಕೊಳ್ಳಿ" ಎಂದು ಬಿಜೂರ್ ವನಜಾಕ್ಷಿಯ ಕಡೆ ಕೈ ತೋರಿಸಿದರು.

ಆ ವಾರವೇ ಅವಳ ಕೆಲಸ ಹೋಯಿತು. ಜಟ್ಟಿಯ ಎದುರಿನ ಸುಳ್ಳು ಕಲ್ಲು ಮಾತ್ರ ಹೋಗಲಿಲ್ಲ. ಅವಳೇ ತಪ್ಪೊಪ್ಪಿ ಬರೆದುಕೊಟ್ಟರೂ, ಅಪಾಯದ ಗುರುತು ತೆಗೆಯಲು ಹೇಳಿಕೆ ಸಾಲದು, ದೊಡ್ಡ ಹಡಗಿನ ಅಳತೆಯೇ ಆಗಬೇಕು ಎಂದರು. ಬಿಜೂರರೂ ಅವರ ಹೆಂಡತಿಯೂ ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದರು. ಸಾಯಂಕಾಲ ದಂಡೆಗೆ ಬಂದು ತಮ್ಮ ಮನೆಯ ತೆಂಗುಗಳನ್ನು ನೋಡಿ ಹೋಗುತ್ತಿದ್ದರು. ಊರಲ್ಲಿ ಯಾರೂ ಅವರಿಗೆ ದೋಣಿ ಕೊಡಲಿಲ್ಲ. ಸಿಂಚನ ದಿನಾ ಫೆರಿಯಲ್ಲಿ ಹೋಗಿ ಬಂದಳು.

ಮಂಜಿ ಮಗಳೊಡನೆ ಮತ್ತೆ ಮಾತಾಡಲಿಲ್ಲ. ಅನ್ನ ಬಡಿಸಿದರೆ ಉಂಡಳು, ಮಾತ್ರೆ ಕೊಟ್ಟರೆ ನುಂಗಿದಳು, ಹೇಳುವುದೇನಿದ್ದರೂ ಮೊಮ್ಮಗಳಿಗೆ ಹೇಳಿದಳು.

ಬಿಜೂರರನ್ನು ಎಮ್ಮೆಬೆನ್ನಿನ ಮೇಲೆ ನಿಲ್ಲಿಸಿ ಬಿಟ್ಟು ಬರುತ್ತೇನೆ ಎಂದು ವನಜಾಕ್ಷಿ ಮಾತು ಕೊಟ್ಟಿದ್ದಳು. ನಿಲ್ಲಿಸಿದಳು. ಬಿಟ್ಟು ಬರಲಿಲ್ಲ. ಮಾತು ಮುರಿಯಿತು.